ಮೂರನೇ ಎಮ್ಮೆಯ ಕಣ್ಣು

"ಈಗ ಕಪ್ಪು ರಟ್ಟು ಹಿಡಿ," ಎಂದರು ಮಾವ.

ಪುಟ್ಟಿ ಹಿಡಿದಳು. ಗಾಡಿಯ ಮೂತಿಯಲ್ಲಿ ಬೆಂಕಿಪೊಟ್ಟಣದಷ್ಟೇ ಇದ್ದ ಸೆನ್ಸರಿನ ನೆತ್ತಿಯ ಮೇಲೆ ಹಳದಿ ದೀಪ ಹೊತ್ತಿಕೊಂಡಿತು.

"ಈಗ ಬಿಳೀದು."

ಬಿಳಿ ರಟ್ಟನ್ನು ಅದೇ ಜಾಗದಲ್ಲಿ ಹಿಡಿದಳು. ದೀಪ ಹೊತ್ತಿತು. ಒಂದು ಗೇಣು ಹಿಂದೆ ಸರಿದಳು. ದೀಪ ಆರಿತು. ಕಪ್ಪಿಗೂ ಅಷ್ಟೇ, ಬಿಳಿಗೂ ಅಷ್ಟೇ. ಗೊತ್ತು ಮಾಡಿದ ದೂರದ ಗೆರೆಯ ಈಚೆ ಬಂದರೆ ಹೊತ್ತುತ್ತದೆ, ಆಚೆ ಹೋದರೆ ಆರುತ್ತದೆ.

ಸೆನ್ಸರು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಪುಟ್ಟಿಗೆ ಅಳು ಬಂದದ್ದೇ ಅದಕ್ಕೆ. ಕೆಟ್ಟಿದ್ದರೆ ಯಂತ್ರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು.

ನಿನ್ನೆ ಬೆಳಿಗ್ಗೆ ಈ ಶೂ ಕಂಪನಿಯ ಗೋದಾಮಿನಲ್ಲಿ, ಚಾಲಕನಿಲ್ಲದೆ ಓಡುವ ಇದೇ ಗಾಡಿ ಕಪ್ಪು ಉಣ್ಣೆ ಜಾಕೆಟ್ಟು ತೊಟ್ಟಿದ್ದ ಸ್ಟೋರ್‌ಕೀಪರನನ್ನು ಕಬ್ಬಿಣದ ರ‍್ಯಾಕಿಗೆ ಒತ್ತಿ ಹಿಡಿದು ಪಕ್ಕೆಲುಬು ಮುರಿದಿತ್ತು. ಅವನು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಗಾಡಿಗೆ ಕಣ್ಣು ಹೊಂದಿಸಿದವಳು ಪುಟ್ಟಿ. ಹಿಂದಿನ ಕಥೆಯೆಲ್ಲ ಇಷ್ಟೇ, ಉಳಿದದ್ದು ಬರೀ ಅವಳ ಹೆದರಿಕೆ.

ಗೋದಾಮಿನಲ್ಲಿ ಇಂಥ ಗಾಡಿಗಳು ನಾಲ್ಕಿದ್ದವು, ಇದು ಮೂರನೆಯದು. ಕೆಲಸದವರು ಅವನ್ನು ಎಮ್ಮೆ ಎನ್ನುತ್ತಿದ್ದರು. ನಿಧಾನಕ್ಕೆ ಬರುತ್ತವೆ, ಬೈದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ಬೆನ್ನ ಮೇಲೆ ಎಷ್ಟು ಹೇರಿದರೂ ಮುಖ ಬದಲಾಗುವುದಿಲ್ಲ. ಅವು ನಿಂತು ಚಾರ್ಜ್ ಆಗುವ ಮೂಲೆಗೆ ಕೊಟ್ಟಿಗೆ ಎಂದೇ ಹೆಸರು. ಎಮ್ಮೆಗಳ ಕಣ್ಣು ನೋಡಿಕೊಳ್ಳುವ ಪುಟ್ಟಿ ಅವರ ಬಾಯಲ್ಲಿ ಕಣ್ಣಕ್ಕ. ನಿನ್ನೆಯಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಎದುರು ಬಂದವರು ರ‍್ಯಾಕಿನ ಪೆಟ್ಟಿಗೆಗಳಲ್ಲಿ ಏನೋ ಹುಡುಕುವವರಂತೆ ಮುಖ ತಿರುಗಿಸುತ್ತಿದ್ದರು.

"ನನಗೆ ಒಂದು ಅರ್ಥ ಆಗ್ಲಿಲ್ಲ," ಎಂದರು ಮಾವ, ಪೆಪ್ಪರ್ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತ. "ಕಪ್ಪು ಬಟ್ಟೆ ಬೆಳಕನ್ನ ನುಂಗುತ್ತೆ ಅಂತ ಮಕ್ಕಳಿಗೂ ಗೊತ್ತು. ಇದಕ್ಕೆ ಹೇಗೆ ಕಾಣುತ್ತೆ?"

ಅವಳ ಅಮ್ಮನ ತಮ್ಮ ಇವರು. ಪೊಲೀಸ್ ಇಲಾಖೆಯಲ್ಲಿ ಕೂದಲು ಉದುರಿಸಿಕೊಂಡು, ನಿವೃತ್ತರಾದ ಮೇಲೂ ಯಾರ ಮನೆಯ ತೊಂದರೆಗಾದರೂ ಕರೆಯದೆ ಹೋಗುವವರು. ಇಲ್ಲಿಗೆ ಮಾತ್ರ ಕರೆಸಿಕೊಂಡೇ ಬಂದಿದ್ದರು. ಮೂಗಿನ ಮೇಲೆ ಒಂದು ಕನ್ನಡಕ, ನೆತ್ತಿಯ ಮೇಲೆ ಇನ್ನೊಂದು. ದೂರಕ್ಕೊಂದು, ಹತ್ತಿರಕ್ಕೊಂದು. ಯಾವುದು ಯಾವುದಕ್ಕೆ ಎನ್ನುವುದು ಅವರಿಗೇ ಆಗಾಗ ಮರೆತುಹೋಗುತ್ತಿತ್ತು.

"ಹಳೇ ಥರದ ಕಣ್ಣಾಗಿದ್ರೆ ಕಾಣ್ತಿರಲಿಲ್ಲ ಮಾವ. ಅದು ಎಷ್ಟು ಬೆಳಕು ವಾಪಸ್ ಬಂತು ಅಂತ ನೋಡೋದು. ಹತ್ತಿರ ಇರೋ ಕಪ್ಪು ಜಾಕೆಟ್ಟನ್ನ ಬಿಟ್ಟುಬಿಡೋದು, ದೂರದ ಬಿಳಿ ಗೋಡೆ ನೋಡಿ ಗಕ್ಕನೆ ನಿಂತುಬಿಡೋದು. ಇದು ಹಾಗಲ್ಲ. ಇದು ಎಷ್ಟು ಬಂತು ಅಂತ ಕೇಳಲ್ಲ, ಎಲ್ಲಿ ಬಿತ್ತು ಅಂತ ಕೇಳುತ್ತೆ."

"ಬಿಡಿಸಿ ಹೇಳು. ನಾನು ದಡ್ಡ ಅಂದ್ಕೊ."

ಅವಳು ಎರಡು ಬೆರಳುಗಳನ್ನು ಅಕ್ಕಪಕ್ಕ ಹಿಡಿದಳು. ಈ ವಿಷಯ ಮಾತಾಡುವಾಗ ಮಾತ್ರ ಅವಳಿಗೆ ಹೆದರಿಕೆ ಮರೆಯುತ್ತಿತ್ತು.

"ಇಲ್ಲಿ ಎರಡು ಕಿಂಡಿ ಇದೆ. ಒಂದರಿಂದ ಬೆಳಕು ಹೋಗುತ್ತೆ. ಎದುರಿಗಿರೋದಕ್ಕೆ ಬಡಿದು ಪಕ್ಕದ ಕಿಂಡಿಯಿಂದ ಒಳಗೆ ಬರುತ್ತೆ. ವಸ್ತು ಹತ್ತಿರ ಇದ್ರೆ ತುಂಬಾ ಓರೆಯಾಗಿ ಬರುತ್ತೆ, ಒಳಗಿರೋ ಪಟ್ಟಿಯ ಈ ತುದಿಗೆ ಬೀಳುತ್ತೆ. ದೂರ ಇದ್ರೆ ನೇರವಾಗಿ ಬರುತ್ತೆ, ಆ ತುದಿಗೆ ಬೀಳುತ್ತೆ. ಮಧ್ಯೆ ಒಂದು ಗಡಿ. ಆ ಗಡಿ ಎಲ್ಲಿರಬೇಕು ಅಂತ ಈ ಸ್ಕ್ರೂ ತಿರುಗಿಸಿ ನಾನು ಹೇಳ್ತೀನಿ. ಗಡಿಯಿಂದ ಈಚೆ ಇರೋದೆಲ್ಲ ಇದೆ. ಆಚೆ ಇರೋದೆಲ್ಲ ಇಲ್ಲ."

"ಕಂಡ್ರೂ ಇಲ್ಲ?"

"ಕಂಡ್ರೂ ಇಲ್ಲ. ಇಲ್ಲಿ ನೋಡಿ, ಓಣಿ ಎಷ್ಟು ಇಕ್ಕಟ್ಟು. ಪ್ರತಿ ತಿರುವಿನಲ್ಲೂ ಎದುರಿಗೆ ಒಂದು ರ‍್ಯಾಕು. ಅದನ್ನೆಲ್ಲ ಲೆಕ್ಕಕ್ಕೆ ತಗೊಂಡ್ರೆ ಎಮ್ಮೆ ಕೊಟ್ಟಿಗೆ ಬಿಟ್ಟು ಅಲ್ಲಾಡಲ್ಲ."

"ಗೊತ್ತಾಯ್ತು. ನಾನು ಮನೇಲಿ ಪೇಪರ್ ಓದ್ತಾ ಕೂತಿದ್ರೆ ನಿಮ್ಮತ್ತೆಗೂ ನಾನು ಹೀಗೇ. ಗಡಿಯಿಂದ ಆಚೆ."

ಅವಳು ನಗಲಿಲ್ಲ. ಮಾವನೂ ನಗುವನ್ನು ಅರ್ಧಕ್ಕೇ ಬಿಟ್ಟರು. ನೆತ್ತಿಯ ಕನ್ನಡಕವನ್ನು ಮೂಗಿಗಿಳಿಸಿ ಸೆನ್ಸರಿನ ಮುಂದೆ ಮಂಡಿಯೂರಿದರು. ಸ್ಕ್ರೂವಿನ ತಲೆಯ ಮೇಲೆ ಕಡುಗೆಂಪು ಬಣ್ಣದ ಒಂದು ಹನಿ ಒಣಗಿ ಕೂತಿತ್ತು.

"ಇದೇನು?"

"ಉಗುರುಬಣ್ಣ. ಹೊಂದಿಸಿ ಆದ ಮೇಲೆ ಒಂದು ಹನಿ ಹಾಕ್ತೀನಿ. ಯಾರಾದ್ರೂ ತಿರುಗಿಸಿದ್ರೆ ಬಿರುಕು ಬಿಡುತ್ತೆ, ಗೊತ್ತಾಗುತ್ತೆ. ಅಕ್ಕನ ಮನೆಯಿಂದ ತಂದಿದ್ದು."

"ಬಿರುಕು ಬಿಟ್ಟಿಲ್ಲ."

"ಇಲ್ಲ," ಎಂದಳು. "ಅದಕ್ಕೇ ಮಾವ, ನಾನಲ್ಲದೆ ಇನ್ಯಾರೂ ಮುಟ್ಟಿಲ್ಲ ಅಂತಾಯ್ತು."

ನಿನ್ನೆಯಿಂದ ಅವಳನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ನಾನೇ ತಪ್ಪು ಮಾಡಿದೆನೇ? ಮೊನ್ನೆ ಸಂಜೆ ರಟ್ಟು ಹಿಡಿದು ನೋಡಿದ್ದೆನೇ, ಅಥವಾ ನೋಡಿದೆ ಎಂದುಕೊಂಡೆನೇ? ದಿನವೂ ಮಾಡುವ ಕೆಲಸದ ಗೋಳೇ ಅದು. ಇವತ್ತು ಮಾಡಿದ್ದು ಯಾವುದು, ನಿನ್ನೆ ಮಾಡಿದ್ದು ಯಾವುದು ಎಂದು ಮನಸ್ಸು ಬೇರೆ ಬೇರೆ ಇಡುವುದಿಲ್ಲ. ರಾತ್ರಿಯೆಲ್ಲ ಕಣ್ಣು ಮುಚ್ಚಿದರೆ ಒಂದು ಸ್ಕ್ರೂ ತಿರುಗುತ್ತಿತ್ತು. ಅದು ಎಷ್ಟು ತಿರುಗಿತು ಎಂದು ತಿಳಿಯುವ ಮೊದಲೇ ಎಚ್ಚರವಾಗುತ್ತಿತ್ತು.

ಅದರ ಮೇಲೆ ಆ ಸ್ಟೋರ್‌ಕೀಪರು. ಅವನು ಬೇರೆ ಯಾರಾದರೂ ಆಗಿದ್ದರೆ ಅವಳಿಗೆ ಬರೀ ಹೆದರಿಕೆ ಆಗುತ್ತಿತ್ತು. ಅವನು ಅವನಾದ್ದರಿಂದ ಎದೆಯೇ ಒಡೆದುಹೋಗಿತ್ತು. ಮಾತಿನ ಮಧ್ಯೆ ಕಿವಿ ಕೆರೆದುಕೊಳ್ಳುವ ಬಡಕಲು ಮನುಷ್ಯ. ಯಾರೂ ಇಲ್ಲದಾಗ ಎಮ್ಮೆಗಳಿಗೆ ದಾರಿ ಬಿಟ್ಟು "ಹೋಗಮ್ಮ" ಎನ್ನುತ್ತಿದ್ದ. ಮೊನ್ನೆ ಸಂಜೆ ಅವಳ ಹತ್ತಿರ ಬಂದು ನಿಂತು, ಕಿವಿ ಕೆರೆದು, "ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕಿತ್ತು. ನಾಳೆ ಹೇಳ್ತೀನಿ. ಮನೆಯವರ ಮುಂದೆ ಬೇಡ," ಎಂದಿದ್ದ. ವಿಷಯ ಏನೆಂದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಿಟಕಿಯ ಗಾಜಿನಲ್ಲಿ ತನ್ನ ಮುಖವನ್ನೇ ನೋಡಿಕೊಂಡಿದ್ದಳು.

"ಪುಟ್ಟಿ, ಈ ಕಿಂಡಿಗಳನ್ನ ಒರೆಸ್ತೀಯಾ ನೀನು?" ಮಾವ ಇನ್ನೂ ಮಂಡಿಯೂರಿಯೇ ಇದ್ದರು.

"ದಿನಾ ಒರೆಸ್ತೀನಿ. ಯಾಕೆ?"

ಅವರು ಚಿಮಟ ತೆಗೆದು ಗಾಜಿನ ಅಂಚಿನಿಂದ ಏನನ್ನೋ ಎಳೆದರು. ಬೆಳಕಿಗೆ ಹಿಡಿದರು. ಕಪ್ಪು ಉಣ್ಣೆಯ ಎಳೆ. ಒಂದಲ್ಲ, ಸಣ್ಣ ಗುಂಜೇ ಇತ್ತು. ಗಾಜಿನ ಮೇಲೆ ಏನೋ ಉಜ್ಜಿದಂತೆ ಮಂಕು ಕಲೆ.

"ಅವನ ಜಾಕೆಟ್ಟು," ಎಂದಳು ಪುಟ್ಟಿ. "ಡಿಕ್ಕಿ ಹೊಡೆದಾಗ ಅಂಟಿರಬೇಕು."

"ಇರಬಹುದು." ಅವರು ಅದನ್ನು ಪೆಪ್ಪರ್ಮಿಂಟ್ ಸುತ್ತಿದ್ದ ಕಾಗದದಲ್ಲಿ ಮಡಚಿ ಜೇಬಿಗಿಟ್ಟರು. ಮಾವ "ಇರಬಹುದು" ಎಂದರೆ "ಅಲ್ಲ" ಎಂದರ್ಥ. ಮನೆಯವರಿಗೆಲ್ಲ ಅದು ಗೊತ್ತು.

ಅಷ್ಟರಲ್ಲಿ ಬೂಟಿನ ಸದ್ದು ಬಂತು.

"ಮುಗೀತೇನ್ರೀ ನಿಮ್ಮ ಪರೀಕ್ಷೆ?"

ಮ್ಯಾನೇಜರು. ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ. ಕೈಯಲ್ಲಿದ್ದ ಕೀ ಗೊಂಚಲನ್ನು ಸುಮ್ಮನೆ ಕುಲುಕುವ ಅಭ್ಯಾಸ. ಇವತ್ತು ಅದರ ಸದ್ದು ಜೋರಾಗಿತ್ತು.

"ಸಂಜೆಗೆ ಇನ್ಸ್‌ಪೆಕ್ಟರ್ ಬರ್ತಾರಮ್ಮ," ಎಂದರು ಪುಟ್ಟಿಯತ್ತ ತಿರುಗಿ. "ಅಷ್ಟರಲ್ಲಿ ನೀವೇ ಒಪ್ಕೊಂಡುಬಿಟ್ರೆ ಒಳ್ಳೇದು. ಹೊಂದಿಸೋವಾಗ ಕೈತಪ್ಪಾಯ್ತು ಅಂತ ಹೇಳಿ. ಯಾರೂ ನಿಮ್ಮನ್ನ ನೇಣಿಗೆ ಹಾಕಲ್ಲ."

"ನಾನು ತಪ್ಪು ಹೊಂದಿಸಿಲ್ಲ ಸಾರ್. ಈಗ ತಾನೇ ನೋಡಿದ್ವಿ. ತೋಳಳತೆ ದೂರಕ್ಕೆ ಸರಿಯಾಗಿ..."

"ಈಗ ಸರಿ ಇದೆ. ಒಪ್ಪಿದೆ. ನಿನ್ನೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಲ್ಲಿಗೆ ಓಡಿ ಬಂದವರು ಯಾರು? ನೀವು. ಕೈಯಲ್ಲಿ ಏನಿತ್ತು? ಸ್ಕ್ರೂಡ್ರೈವರು. ಆಮೇಲೆ ಸರಿ ಮಾಡಿ ಮೇಲೊಂದು ಹನಿ ಬಣ್ಣ ಹಚ್ಚೋದಕ್ಕೆ ಎಷ್ಟು ಹೊತ್ತು ಬೇಕು?"

ಸ್ಕ್ರೂಡ್ರೈವರು ಯಾವಾಗಲೂ ಅವಳ ಕೈಯಲ್ಲೇ ಇರುತ್ತದೆ. ಅಡುಗೆಯವರ ಕೈಯಲ್ಲಿ ಸೌಟಿದ್ದಂತೆ. ಅದನ್ನು ಹೇಳಿದರೆ ಯಾರು ನಂಬುತ್ತಾರೆ?

"ಮ್ಯಾನೇಜರ್ ಸಾಹೇಬ್ರೆ," ಮಾವ ಕನ್ನಡಕಗಳನ್ನು ಮತ್ತೆ ಅದಲುಬದಲು ಮಾಡಿ, ಮಂಡಿ ಹಿಡಿದುಕೊಂಡು ಎದ್ದರು. "ನಿನ್ನೆ ನೀವು ಬೇರೆ ಹೇಳಿದ್ರಂತೆ. ಜಾಕೆಟ್ ಕಪ್ಪು, ಯಂತ್ರಕ್ಕೆ ಕಪ್ಪು ಕಾಣಲ್ಲ, ಯಾರದೂ ತಪ್ಪಿಲ್ಲ ಅಂತ."

"ಹೇಳಿದ್ದೆ. ಇವರೇ ಅದನ್ನ ಕೆಡಿಸಿದ್ರು. ಪೊಲೀಸರ ಎದುರಿಗೇ 'ಇಲ್ಲ ಸಾರ್, ಇದಕ್ಕೆ ಬಣ್ಣ ಲೆಕ್ಕಕ್ಕಿಲ್ಲ' ಅಂದ್ರು. ಉಳಿಸೋಕೆ ಹೋದವನ ಮುಖಕ್ಕೆ ಹೊಡೆದ ಹಾಗೆ."

"ನಿಜ ಹೇಳೋ ಚಟ. ಅವರಮ್ಮನ ಕಡೆಯಿಂದ ಬಂದಿದ್ದು." ಮಾವ ಪೆಪ್ಪರ್ಮಿಂಟ್ ಡಬ್ಬಿ ಚಾಚಿದರು. ಮ್ಯಾನೇಜರು ಬೇಡವೆಂದರು. "ಇನ್ನೊಂದು ಸಂದೇಹ. ಈ ಎಮ್ಮೆಯ ಮೂತಿಗೆ ರಬ್ಬರ್ ಪಟ್ಟಿ ಇರಬೇಕಲ್ವಾ? ಮಿಕ್ಕ ಮೂರಕ್ಕೂ ಇದೆ. ಏನಾದ್ರೂ ತಾಗಿದ ಕೂಡಲೇ ನಿಲ್ಲೋ ಹಾಗೆ."

ಕೀ ಗೊಂಚಲಿನ ಸದ್ದು ನಿಂತಿತು.

"ಕಿತ್ತುಹೋಗಿತ್ತು. ಹೊಸದು ಬರ್ಬೇಕು."

"ಕಿತ್ತುಹೋದ ಮೇಲೂ ಗಾಡಿ ಓಡಿಸ್ತಿದ್ರಿ."

"ಕಣ್ಣು ಇದೆಯಲ್ಲ ಅಂತ ಓಡಿಸಿದ್ವಿ! ಲಾರಿಗಳು ಸಾಲಾಗಿ ನಿಂತಿರುತ್ತೆ, ಲೋಡಿಂಗಿನವರು ಬಾಯಿ ಬಡ್ಕೋತಾರೆ, ನಾನೇನು ಎಮ್ಮೆ ಬದಲು ಪೆಟ್ಟಿಗೆ ಹೊರ್ಲಾ?" ಅವರ ಹಣೆಯಲ್ಲಿ ಬೆವರು ಮೂಡಿತ್ತು. ಈ ಮನುಷ್ಯನಿಗೂ ಹೆದರಿಕೆಯಿದೆ ಎಂದು ಪುಟ್ಟಿಗೆ ಮೊದಲ ಸಲ ಅನ್ನಿಸಿತು. ಹೆದರಿದವರು ಸುಳ್ಳು ಹೇಳುತ್ತಾರೆ. ಅದಕ್ಕಿಂತ ದೊಡ್ಡದನ್ನೂ ಮಾಡುತ್ತಾರೆ.

"ರಬ್ಬರ್ ಇಲ್ಲ ಅನ್ನೋದು ಯಾರಿಗೆಲ್ಲ ಗೊತ್ತಿತ್ತು?"

"ಕಣ್ಣಿದ್ದವರಿಗೆಲ್ಲ ಗೊತ್ತಿತ್ತು."

"ಕೊಟ್ಟಿಗೆ ಬೀಗದ ಕೈ?"

"ನನ್ನ ಹತ್ರ ಒಂದು. ಸ್ಟೋರ್‌ಕೀಪರ್ ಹತ್ರ ಒಂದು. ಲೋಡಿಂಗ್ ಮೇಲ್ವಿಚಾರಕರ ಹತ್ರ ಒಂದು." ಮ್ಯಾನೇಜರು ದನಿ ಏರಿಸಿದರು. "ಏನ್ರೀ ನಿಮ್ಮ ಮಾತಿನ ಅರ್ಥ? ಯಾರೋ ಬೇಕಂತ ಮಾಡಿದ್ದಾರೆ ಅಂತಾನಾ?"

"ನಾನು ಅರ್ಥ ಹೇಳೋವನಲ್ಲ ಸಾಹೇಬ್ರೆ, ಕೇಳೋವನು. ಅವನ ಹಿಂದಲೆಗೆ ಗಾಯ ಆಗಿದೆ ಅಂತ ಡಾಕ್ಟ್ರು ಹೇಳಿದ್ರು. ಎಮ್ಮೆ ಮೂತಿ ನೋಡಿದ್ರೆ ನನ್ನ ಸೊಂಟದ ಹತ್ರಾನೂ ಬರಲ್ಲ."

"ಬಿದ್ದಾಗ ರ‍್ಯಾಕಿಗೆ ಬಡಿದಿರುತ್ತೆ."

"ಇರಬಹುದು."

ಪುಟ್ಟಿ ಮಾವನ ಮುಖ ನೋಡಿದಳು.

"ಕೊನೇ ಪ್ರಶ್ನೆ," ಎಂದರು ಮಾವ. "ಕಪ್ಪು ಬಣ್ಣದ ಉಪಾಯ ನಿಮ್ಮದೇ ತಲೆಗೆ ಬಂದಿದ್ದಾ?"

ಮ್ಯಾನೇಜರು ಪುಟ್ಟಿಯ ಕಡೆ ನೋಡಿ, ಒಂಥರಾ ಕನಿಕರದಿಂದ ನಕ್ಕರು. "ನನಗೆ ಈ ಸೆನ್ಸರ್ ಗಿನ್ಸರ್ ಏನು ಗೊತ್ತಾಗುತ್ತೆ? ಇವರ ಭಾವನೇ ಹೇಳಿದ್ದು. ಪಾಪ, ನಾದಿನಿ ಜೈಲಿಗೆ ಹೋಗದೇ ಇರ್ಲಿ ಅಂತ ನನ್ನ ಕೈ ಹಿಡ್ಕೊಂಡು ಬೇಡಿದ್ರು. ಅಂಥವರ ಮಾತನ್ನೂ ನೀವು ಉಳಿಸಲಿಲ್ಲ. ಸಂಜೆವರೆಗೂ ಯೋಚನೆ ಮಾಡಿ."

ಬೂಟಿನ ಸದ್ದು ಓಣಿಯ ಕೊನೆಯಲ್ಲಿ ಕರಗಿತು.

ಭಾವನ ಹೆಸರೆತ್ತಿದ ಕೂಡಲೇ ಪುಟ್ಟಿಯ ಕಣ್ಣು ತುಂಬಿತ್ತು. ಲೋಡಿಂಗ್ ಮೇಲ್ವಿಚಾರಕರು ಅವರೇ. ಅವಳಿಗೆ ಇಲ್ಲಿ ಕೆಲಸ ಕೊಡಿಸಿದವರೂ ಅವರೇ. ಅಪ್ಪ ಹೋದ ಮೇಲೆ ಅವಳ ಮನೆಗೆ ಗಂಡು ದಿಕ್ಕು ಅಂತ ಇದ್ದವರು ಭಾವ ಒಬ್ಬರೇ. ನಿನ್ನೆಯಿಂದ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಸ್ಟೋರ್‌ಕೀಪರನಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದು ಅಣ್ಣನಂತೆ ಹಾಸಿಗೆಯ ಪಕ್ಕ ಕೂತಿದ್ದರು. ಅಕ್ಕ ಬುತ್ತಿ ಒಯ್ಯುತ್ತಿದ್ದಳು. ಮಧ್ಯೆ ಮಧ್ಯೆ ಭಾವ ಪುಟ್ಟಿಗೆ ಫೋನು ಮಾಡಿ, "ಊಟ ಮಾಡಿದ್ಯಾ? ಹೆದರ್ಬೇಡ, ನಾನಿದೀನಿ," ಎನ್ನುತ್ತಿದ್ದರು.

ಮಾವ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಹೊಸ ಪೆಪ್ಪರ್ಮಿಂಟ್ ಡಬ್ಬಿ ತೆಗೆದರು. ಅದರ ಮೇಲಿನ ಸಣ್ಣ ಅಕ್ಷರ ಓದಲು ಹೊರಟರು. ಮೂಗಿನ ಹತ್ತಿರ ತಂದರು, ಆಗಲಿಲ್ಲ. ಇನ್ನೂ ಹತ್ತಿರ ತಂದರು, ಇನ್ನೂ ಆಗಲಿಲ್ಲ.

"ನೆತ್ತಿ ಮೇಲಿರೋದನ್ನ ಹಾಕ್ಕೊಳಿ ಮಾವ. ಈಗ ಹಾಕಿರೋದು ದೂರದ್ದು."

"ಅಲ್ವಾ ಮತ್ತೆ!" ಎಂದು ಡಬ್ಬಿಯನ್ನು ಕೈ ಚಾಚಿ ದೂರ ಹಿಡಿದರು. ಅಕ್ಷರ ಕಂಡಿತೆಂದು ತೋರಿತು. ಮತ್ತೆ ಹತ್ತಿರ ತಂದರು. ಮತ್ತೆ ದೂರ. ಆಟವಾಡುವ ಮಗುವಿನಂತೆ ಹಾಗೇ ಮಾಡುತ್ತ, ಇದ್ದಕ್ಕಿದ್ದಂತೆ ಕೈ ಅಲ್ಲೇ ನಿಲ್ಲಿಸಿದರು.

"ಪುಟ್ಟಿ. ದೂರ ಆದ್ರೆ ಕಾಣಲ್ಲ ಅಂದೆ. ನಿನ್ನ ಎಮ್ಮೆಗೆ ನನ್ನ ಕಾಯಿಲೆ ಏನಾದ್ರೂ ಇದೆಯಾ?"

"ಯಾವ ಕಾಯಿಲೆ?"

"ತೀರಾ ಹತ್ತಿರ ಬಂದ್ರೆ ಏನೂ ಕಾಣದೇ ಇರೋದು."

ಅವಳು ಸರ್ರನೆ ಎಮ್ಮೆಯ ಮೂತಿಯತ್ತ ತಿರುಗಿದಳು.

ಇತ್ತು. ಇದೆ. ಈ ಕೆಲಸ ಕಲಿತ ಮೊದಲ ವಾರವೇ ಕಲಿತ ವಿಷಯ. ವಸ್ತು ಗಾಜಿಗೆ ಅಂಟಿಕೊಂಡಷ್ಟು ಹತ್ತಿರ ಬಂದರೆ, ಹೋದ ಬೆಳಕಿಗೆ ಪಕ್ಕದ ಕಿಂಡಿಯೊಳಗೆ ಬರಲು ದಾರಿಯೇ ಇರುವುದಿಲ್ಲ. ಬೆಳಕು ಪಟ್ಟಿಯ ಈ ತುದಿಗೂ ಬೀಳುವುದಿಲ್ಲ, ಆ ತುದಿಗೂ ಬೀಳುವುದಿಲ್ಲ. ಎದುರಿಗೆ ಏನೂ ಇಲ್ಲ ಎಂದುಕೊಳ್ಳುತ್ತದೆ ಕಣ್ಣು. ಆದರೆ ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಕಣ್ಣು ಹೊಂದಿಸುವವರ ಜೀವವೆಲ್ಲ ದೂರದ ಗಡಿಯ ಮೇಲೆ. ಯಾವ ರ‍್ಯಾಕು ಬಿಡಬೇಕು, ಎಲ್ಲಿಗೆ ನಿಲ್ಲಿಸಬೇಕು, ಅದೇ ಚಿಂತೆ. ನಡೆಯುವ ಗಾಡಿಯ ಎದುರು ಬರುವ ಯಾರೇ ಆದರೂ ದೂರದಿಂದಲೇ ತಾನೇ ಬರಬೇಕು? ಮೂಗಿಗೆ ಅಂಟಿಕೊಂಡವರನ್ನು ಲೆಕ್ಕ ಹಿಡಿಯುವುದನ್ನು ಅವಳೂ ಬಿಟ್ಟುಬಿಟ್ಟಿದ್ದಳು.

ಎಮ್ಮೆಯ ಮುಂದೆ ಹೋದಳು. ಅಂಗೈ ಚಾಚಿದಳು. ದೀಪ ಹೊತ್ತಿತು. ಅಂಗೈಯನ್ನು ಮೆಲ್ಲಗೆ ಮುಂದೆ ತಂದಳು. ಹೊತ್ತಿಯೇ ಇತ್ತು. ಇನ್ನೂ ಮುಂದೆ. ಗಾಜಿಗೆ ಒತ್ತಿ ಹಿಡಿದಳು.

ದೀಪ ಆರಿಹೋಯಿತು.

ಮಾವ ಕೋಟು ಬಿಚ್ಚಿ ಕಟ್ಟೆಯ ಮೇಲಿಟ್ಟರು. ನೆಲದ ಮೇಲೆ ಕೂತು, ಎಮ್ಮೆಯ ಮೂತಿಗೆ ಬೆನ್ನು ಆನಿಸಿ, ಕಾಲು ಚಾಚಿದರು.

"ಏನ್ಮಾಡ್ತಿದೀರಾ ಮಾವ?"

"ಹಸಿರು ಗುಂಡಿ ಒತ್ತು."

"ಬೇಡ. ನನ್ನ ಕೈಲಾಗಲ್ಲ."

"ಒಂದು ಕೈ ಕೆಂಪು ಗುಂಡಿ ಮೇಲಿಟ್ಟುಕೊ. ಹೂಂ ಅಂದ ತಕ್ಷಣ ಒತ್ತು."

"ಮಾವ, ಬೇಡಿ. ನಿಮಗೇನಾದ್ರೂ ಆದ್ರೆ ಅತ್ತೆಗೆ ನಾನೇನು ಹೇಳ್ಲಿ?"

"ಕೊನೆಗೂ ಕಣ್ಣಿಗೆ ಬಿದ್ದೆ ಅಂತ ಹೇಳು. ಒತ್ತು ಪುಟ್ಟಿ, ಸಂಜೆ ಆಗ್ತಾ ಇದೆ."

ಅವಳ ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಹೋಗಿ ಬಂತು, ಮತ್ತೆ ಹೋಯಿತು. ಕಣ್ಣು ಮುಚ್ಚಬೇಕೆನ್ನಿಸಿತು, ಮುಚ್ಚಲಿಲ್ಲ. ಒತ್ತಿದಳು.

ಎಮ್ಮೆ ಒಂದು ಸಲ ಗುಂಯ್‌ಗುಟ್ಟಿತು. ನಿಲ್ಲುತ್ತದೆ, ನಿಲ್ಲಬೇಕು ಎಂದು ಅವಳ ಜೀವ ಹೊಡೆದುಕೊಂಡಿತು. ಅದು ನಿಲ್ಲಲಿಲ್ಲ. ಎದುರಿಗೆ ಯಾರೂ ಇಲ್ಲವೆಂಬಂತೆ ಹೊರಟಿತು. ಮಾವನ ಬೂಟಿನ ಹಿಮ್ಮಡಿ ನೆಲದ ಧೂಳಿನಲ್ಲಿ ಎರಡು ಗೀರು ಎಳೆಯುತ್ತ ಮುಂದಕ್ಕೆ ಜಾರಿತು. ಎದುರಿನ ರ‍್ಯಾಕು ಹತ್ತಿರವಾಯಿತು. ಮಾವ ಹೂಂ ಅನ್ನುವವರೆಗೆ ಅವಳಿಗೆ ಕಾಯಲಾಗಲಿಲ್ಲ. ಕೆಂಪು ಗುಂಡಿಯನ್ನು ಎರಡೂ ಕೈಯಿಂದ ಗುದ್ದಿದಳು.

ಗಾಡಿ ನಿಂತಿತು. ಅವಳು ಕುಸಿದು ಕೂತು ಅತ್ತುಬಿಟ್ಟಳು.

"ಅಳು, ಪರವಾಗಿಲ್ಲ," ಎಂದರು ಮಾವ, ಸೊಂಟ ನೀವಿಕೊಳ್ಳುತ್ತ. ಬಿಳಿ ಅಂಗಿಯ ಬೆನ್ನಲ್ಲಿ, ಸರಿಯಾಗಿ ಎರಡು ಕಿಂಡಿಗಳ ಜಾಗದಲ್ಲಿ, ಗ್ರೀಸಿನ ಗುರುತು ಬಿದ್ದಿತ್ತು. "ಈಗ ಆ ಕಡೆ ನೋಡು."

ತೋರಿಸಿದ ಕಡೆ ನೋಡಿದಳು. ಅವರ ಹಿಮ್ಮಡಿ ಎಳೆದ ಹೊಸ ಗೀರುಗಳ ಪಕ್ಕದಲ್ಲೇ ಇನ್ನೆರಡು ಗೀರುಗಳಿದ್ದವು. ಕೊಟ್ಟಿಗೆಯ ಬಾಯಿಂದ ರ‍್ಯಾಕಿನವರೆಗೆ. ಮೇಲೆ ಒಂದು ದಿನದ ಓಡಾಟದ ಹೆಜ್ಜೆ ಬಿದ್ದು ಅಲ್ಲಲ್ಲಿ ಅಳಿಸಿದ್ದವು. ನಿನ್ನೆಯಿಂದ ಎಷ್ಟು ಜನ ಅದರ ಮೇಲೇ ನಿಂತು ಅವಳನ್ನು ಬೈದಿದ್ದರೋ.

"ಅವನು ಗಾಡಿಗೆ ಅಡ್ಡ ಬರಲಿಲ್ಲ," ಎಂದರು ಮಾವ. "ಹಿಂದಿನಿಂದ ತಲೆಗೆ ಹೊಡೆದು, ಎಚ್ಚರ ತಪ್ಪಿದ ಮೇಲೆ ಇಲ್ಲಿ ಒರಗಿಸಿ ಕೂರಿಸಿದ್ದಾರೆ. ಆಮೇಲೆ ಹಸಿರು ಗುಂಡಿ. ನಿನ್ನ ಸ್ಕ್ರೂ ಸರಿ, ನಿನ್ನ ಬಣ್ಣ ಸರಿ, ನೀನೂ ಸರಿ."

ನೀನೂ ಸರಿ. ಆ ಮಾತು ಕಿವಿಗೆ ಬಿದ್ದಾಗ ಎದೆಯ ಮೇಲಿದ್ದದ್ದು ಇಳಿಯಬೇಕಿತ್ತು. ಒಂದು ಕ್ಷಣ ಇಳಿಯಿತು ಕೂಡ. ನಾನಲ್ಲ. ನಾನಲ್ಲ, ಅವನನ್ನು ಹಾಗೆ ಮಾಡಿದ್ದು ನಾನಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇದು ಯಾರಿಗೆಲ್ಲ ಗೊತ್ತು ಪುಟ್ಟಿ? ತೀರಾ ಹತ್ತಿರ ಬಂದ್ರೆ ಕಾಣಲ್ಲ ಅನ್ನೋದು? ಮ್ಯಾನೇಜರಿಗೆ?"

"ಅವರಿಗೆ ಸೆನ್ಸರು ಯಾವ ಬದಿ ನೋಡುತ್ತೆ ಅನ್ನೋದೂ ಗೊತ್ತಿಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ ಮಾವ. ನನಗೇ ಮರೆತುಹೋಗಿತ್ತು, ನೀವೇ ನೋಡಿದ್ರಲ್ಲ."

"ಸ್ನೇಹಿತೆಯರು?"

"ಯಾರೂ ಇಲ್ಲ. ಒಂದೇ ಒಂದು ಸಲ..."

ಆ ದಿನ ನೆನಪಾಯಿತು.

ಅಕ್ಕನ ಮನೆಯ ಊಟದ ಮೇಜು. ಕೆಲಸಕ್ಕೆ ಸೇರಿದ ಹೊಸತು. ಹೆಮ್ಮೆ ತಡೆಯಲಾರದೆ ಒಂದು ಸೆನ್ಸರನ್ನು ಬ್ಯಾಟರಿಗೆ ಸಿಕ್ಕಿಸಿ ತೋರಿಸಲು ತಂದಿದ್ದಳು. ಅಕ್ಕ ಒಮ್ಮೆ ನೋಡಿ, "ಚೆನ್ನಾಗಿದೆ, ಪಕ್ಕಕ್ಕಿಡು, ತಟ್ಟೆ ಇಡ್ಬೇಕು," ಎಂದಿದ್ದಳು. ಭಾವ ಮಾತ್ರ ಬಿಡಲಿಲ್ಲ. ಕಪ್ಪು ಕೊಡೆ ಹಿಡಿದು ನೋಡಿದರು, ಬಿಳಿ ಟವೆಲ್ಲು ಹಿಡಿದು ನೋಡಿದರು, ಎರಡಕ್ಕೂ ಒಂದೇ ಕಡೆ ಹೊತ್ತಿತೆಂದು ಬೆರಗಾದರು. ಆಮೇಲೆ, "ತೀರಾ ಹತ್ತಿರ ಬಂದ್ರೆ ಪುಟ್ಟಿ?" ಎಂದು ಕೇಳಿದರು. ಅವಳು ಅಂಗೈಯಿಂದ ಗಾಜು ಮುಚ್ಚಿ ತೋರಿಸಿದಳು. ಭಾವ ತಾವೂ ಅಂಗೈ ಒತ್ತಿದರು. ತೆಗೆದರು, ಒತ್ತಿದರು. ದೀಪ ಆರಿದಾಗಲೆಲ್ಲ ಮಗುವಿನಂತೆ ನಕ್ಕರು. ತನ್ನ ಕೆಲಸವನ್ನು ಮನೆಯಲ್ಲಿ ಅಷ್ಟು ಆಸ್ಥೆಯಿಂದ ನೋಡಿದವರು ಅವರೊಬ್ಬರೇ ಎಂದು ಅವತ್ತು ಅವಳ ಹೃದಯ ತುಂಬಿತ್ತು.

ಕಪ್ಪಾದರೂ ಬಿಳಿಯಾದರೂ ಒಂದೇ ಎಂದು ಭಾವನಿಗೆ ಗೊತ್ತಿತ್ತು. ಗೊತ್ತಿದ್ದೂ ಮ್ಯಾನೇಜರಿಗೆ ಕಪ್ಪು ಜಾಕೆಟ್ಟಿನ ಕಥೆ ಹೇಳಿದ್ದರು.

ನನ್ನನ್ನು ಉಳಿಸಲು, ಎಂದಿತು ಮನಸ್ಸು. ಗೋಗರೆಯುವಂತೆ ಎಂದಿತು. ನನ್ನನ್ನು ಉಳಿಸಲೆಂದೇ ಹೇಳಿದ್ದಾರೆ.

ಆಗ ಇನ್ನೊಂದು ದನಿ ಕೇಳಿಸಿತು. ಕಿವಿ ಕೆರೆದುಕೊಳ್ಳುತ್ತ ಹೇಳಿದ ದನಿ. ಮನೆಯವರ ಮುಂದೆ ಬೇಡ.

ಮದುವೆಯ ಮಾತಲ್ಲ ಅದು. ಅವನು ಅವಳಿಗೆ ಹೇಳಲು ಬಂದದ್ದು ಅವಳ ಬಗ್ಗೆಯೇ ಅಲ್ಲ, ಭಾವನ ಬಗ್ಗೆ. ಬಸ್ಸಿನ ಗಾಜಿನಲ್ಲಿ ಮುಖ ನೋಡಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಭಯ ಬಂತು.

"ಮಾವ," ಎಂದಳು. "ಕೊಟ್ಟಿಗೆ ಬೀಗದ ಕೈ ಲೋಡಿಂಗ್ ಮೇ..."

"ಗೊತ್ತು ಮಗಳೇ." ಮಾವ ಕೋಟು ಹಾಕಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಪೆಪ್ಪರ್ಮಿಂಟ್ ಮಾವ ಇರಲಿಲ್ಲ, ಹಳೆಯ ಪೊಲೀಸ್ ಇದ್ದ. "ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಅವರು ಈಗ ಎಲ್ಲಿದ್ದಾರೆ?"

ಅವಳಿಗೆ ಉತ್ತರ ಗೊತ್ತಿತ್ತು. ಆಸ್ಪತ್ರೆಯಲ್ಲಿದ್ದ ಅಕ್ಕನಿಗೆ ಕರೆ ಮಾಡಲು ಫೋನು ತೆಗೆದಳು. ಆಗಲೇ ಕೈಯಲ್ಲಿದ್ದ ಫೋನು ಅದುರಿತು. ಅಕ್ಕ.

"ಏ ಪುಟ್ಟಿ!" ಅಕ್ಕನ ದನಿ ಸಂತೋಷದಿಂದ ಏದುತ್ತಿತ್ತು. "ಕಣ್ಣು ಬಿಟ್ಟ ಕಣೇ! ನಿಮ್ಮ ಸ್ಟೋರ್‌ಕೀಪರ್ ಕಣ್ಣು ಬಿಟ್ಟ! ನಿನ್ನ ಹೆಸರು ಹಿಡಿದೇ ಕೇಳ್ತಿದಾನೆ, ಅವಳನ್ನ ಕರೀರಿ, ಅವಳ ಹತ್ರಾನೇ ಹೇಳ್ಬೇಕು ಅಂತ. ನಿನ್ನ ಮೇಲಿನ ಅಪವಾದ ಹೋಯ್ತು ಕಣೇ, ಇನ್ನು ಅವನೇ ಹೇಳ್ತಾನೆ ಎಲ್ಲಾನೂ."

"ಅಕ್ಕ, ಭಾವ ಎಲ್ಲಿ?"

"ಒಳಗಿದಾರೆ. ಅವನಿಗೆ ಸುಸ್ತು, ಗಲಾಟೆ ಬೇಡ ಅಂತ ನರ್ಸನ್ನೂ ನನ್ನನ್ನೂ ಹೊರಗೆ ಕಳಿಸಿದ್ರು. ನೋಡು, ನಿನ್ನೆಯಿಂದ ಒಂದು ಗಳಿಗೆ ಕಣ್ಣು ಮುಚ್ಚಿಲ್ಲ ಅವರು."

"ಅಕ್ಕ, ಬಾಗಿಲು ತೆಗಿ. ಈಗಲೇ ಒಳಗೆ ಹೋಗು. ಕೂಗು, ಯಾರನ್ನಾದ್ರೂ ಕರಿ!"

"ಏನಾಯ್ತೇ ನಿನಗೆ?" ಅಕ್ಕ ನಕ್ಕಳು. ಬಾಗಿಲು ತಳ್ಳಿದ ಸದ್ದು ಕೇಳಿಸಿತು. ಮತ್ತೊಮ್ಮೆ ತಳ್ಳಿದ ಸದ್ದು. ನಗು ನಿಂತಿತು.

"ಪುಟ್ಟಿ," ಎಂದಳು ಅಕ್ಕ, ಮೆಲ್ಲಗೆ. "ಒಳಗಿನಿಂದ ಚಿಲಕ ಹಾಕ್ಕೊಂಡಿದಾರೆ."